ಹೆಸರಿಲ್ಲದೆ ಮಲಗಿದ ಬಾಟಲಿಗಳು

ಲಿಯೆಜ್, ಬೆಲ್ಜಿಯಂ
14 ಜನವರಿ 2006

ಒರಿಯಾನ್, ಮಗಳೇ,

ನಿನ್ನ ತಂದೆ ಜಿಲ್‌ಗೆ ಬರೆಯದೆ ನಿನಗೇ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ನವೆಂಬರಿನಲ್ಲಿ ಆರ್ಮಾಂನ ಮಣ್ಣಿಗೆಂದು ವೈನ್ ಒಯ್ಯಲು ಬಂದಾಗ ನಾನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಗಂಡ ಸತ್ತು ಎರಡು ದಿನವಾಗಿತ್ತು. ನೀವಿಬ್ಬರೂ ತಪ್ಪು ತಿಳಿದಿಲ್ಲವೆಂದು ಗೊತ್ತು. ಈಗ ಸ್ವಲ್ಪ ಚೇತರಿಸಿಕೊಂಡಿದ್ದೇನೆ. ಅವನ ಚಪ್ಪಲಿಗಳನ್ನು ಮಾತ್ರ ಇನ್ನೂ ಎತ್ತಿಟ್ಟಿಲ್ಲ.

ಇಪ್ಪತ್ತಾರು ವರ್ಷ, ಪ್ರತಿ ಜೂನಿನಲ್ಲಿ, ನಾವಿಬ್ಬರೂ ಗಿರಾಕಿಗಳಾಗಿ ಗಡಿ ದಾಟಿ ಸೀದಾ ನಿಮ್ಮ ಹಳ್ಳಿ ಕೂರ್ಮೆರಿಗೆ ಬಂದು, ನಿಮ್ಮ ಅಡುಗೆಮನೆಯಲ್ಲಿ ಉಂಡು, ಕಾರಿನ ತುಂಬ ಬಾಟಲಿ ಹೇರಿಕೊಂಡು ಸಂಜೆಗೆ ಮನೆ ಸೇರುತ್ತಿದ್ದೆವು. ಇಡೀ ಶಾಂಪೇನ್ ಸೀಮೆಯಲ್ಲಿ ನಾನು ನೋಡಿರುವುದು ಒಂದು ಹೆದ್ದಾರಿ, ನಿಮ್ಮ ಅಂಗಳ, ನಿಮ್ಮ ಬಚ್ಚಲು. "ಒಂದ್ಸಲ ಪೂರ್ತಿ ಸುತ್ತೋಣ ಕಣೇ" ಎಂದು ಆರ್ಮಾಂ ಪ್ರತಿ ವರ್ಷ ಹೇಳುತ್ತಿದ್ದ. ಅವನಿಗೆ ನಿಮ್ಮ ದ್ರಾಕ್ಷಿತೋಟದ ಮೇಲಿನ ಇಳಿಜಾರು ಸಿಕ್ಕ ಮೇಲೆ ಬೇರೆ ಯಾವುದೂ ಬೇಕಾಗುತ್ತಿರಲಿಲ್ಲ. ಈ ಜೂನಿನಲ್ಲಿ ನಾನೇ ಕಾರು ಓಡಿಸಿಕೊಂಡು, ಗೆಳತಿ ಪೊಲೆತ್‌ಳ ಜೊತೆ ನಾಲ್ಕು ದಿನ ಸುತ್ತಬೇಕೆಂದಿದ್ದೇನೆ. ಎಲ್ಲಿ ನಿಲ್ಲಬೇಕು, ಯಾರ ವೈನ್ ಕುಡಿಯಬೇಕು, ಯಾರದ್ದನ್ನು ನಯವಾಗಿ ಉಗುಳಬೇಕು, ಎಲ್ಲ ನೀನು ಬರೆದು ಕಳಿಸು.

ನಿನ್ನ ತಂದೆಯನ್ನು ಕೇಳಿದರೆ ತನ್ನ ದೋಸ್ತರ ಮನೆಗೆ ಮಾತ್ರ ಕಳಿಸುತ್ತಾನೆ. ನೀನಾದರೋ, ಒಂಬತ್ತು ವರ್ಷದವಳಿದ್ದಾಗ, ನನ್ನ ಹೊಸ ಟೋಪಿ ನೋಡಿ "ಅತ್ತೆ, ತಲೆ ಮೇಲೆ ಕೋಳಿ ಕಾವಿಗೆ ಕೂತ ಹಾಗಿದೆ" ಎಂದವಳು. ನನಗೆ ಬೇಕಾಗಿರುವುದು ಅಂಥವಳ ಪಟ್ಟಿ.

ಕಂಪ್ಯೂಟರ್ ನನಗೆ ಬಾರದು. ಕಾಗದದಲ್ಲೇ ಬರೆ.

ನಿನ್ನ ಅತ್ತೆ,
ಯೊಲಾಂದ್ ಪಿರೋತ್


ಕೂರ್ಮೆರಿ
29 ಜನವರಿ 2006

ಯೊಲಾಂದ್ ಅತ್ತೆಗೆ,

ನಿಮ್ಮ ಪತ್ರ ನಮ್ಮ ದ್ರಾಕ್ಷಿ ಬೆಳೆಗಾರರ ಸಂತ ವಿನ್ಸೆಂಟನ ಹಬ್ಬದ ಹಿಂದಿನ ದಿನ ಬಂತು. ಆವತ್ತು ಅಪ್ಪ ಹಬ್ಬದ ಮೇಲಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಈ ಸಲ ಮೆರವಣಿಗೆಯಲ್ಲಿ ಸಂತನ ವಿಗ್ರಹ ಹೊರುವ ಸರದಿ ಅವರದ್ದು.

"ಯಾರ್ದು ಕಾಗ್ದ?"

"ಅತ್ತೇದು. ಶಾಂಪೇನ್ ಪೂರ್ತಿ ಸುತ್ತಬೇಕಂತೆ. ದಾರಿ ನಾನು ಬರೀಬೇಕಂತೆ."

"ನನ್ನನ್ಯಾಕೆ ಕೇಳ್ಲಿಲ್ಲ?"

"ನೀನು ಸುಳ್ಳು ಹೇಳ್ತೀಯ ಅಂತ."

"ಸುಳ್ಳಲ್ಲಮ್ಮ ಅದು, ವ್ಯಾಪಾರ," ಎಂದು ನಕ್ಕು ಕಾಲರಿಗೆ ನೀರು ಚಿಮುಕಿಸಿದರು.

ನಾಲ್ಕು ವರ್ಷದ ಹಿಂದೆ ವೈನ್ ಮಾಡುವುದನ್ನು ಕಲಿಸುವ ಶಾಲೆ ಬಿಟ್ಟವಳ ಬರವಣಿಗೆ ಇದು, ತಪ್ಪುಗಳನ್ನು ನೀವೇ ತಿದ್ದಿಕೊಳ್ಳಿ. ಯಾಕೆ ಬಿಟ್ಟೆನೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ರುಚಿ ಪರೀಕ್ಷೆಯಲ್ಲಿ ಮೇಷ್ಟರು ತಮ್ಮದೇ ವೈನ್ ಕೊಟ್ಟರು. ಉಳಿದವರೆಲ್ಲ "ಬಿಳಿ ಹೂವು, ಹಸಿರು ಸೇಬು" ಎಂದು ಬರೆದರು. ನಾನು "ತೊಳೆಯದ ಬಕೆಟ್" ಎಂದು ಬರೆದೆ. ತಿದ್ದಿ ಬರೆಯಲು ಹೇಳಿದರು. ಬರೆಯಲಿಲ್ಲ. ಹತ್ತು ದಿನ ಹೊರಗೆ ಕೂರಿಸಿದರು. ಹನ್ನೊಂದನೆಯ ದಿನ ನಾನೇ ಹೋಗಲಿಲ್ಲ.

ಮೊದಲು ಒಂದು ಪಾಠ. ಎಲ್ಲ ಶಾಂಪೇನ್ ಲೇಬಲ್ಲಿನ ಅಂಚಿನಲ್ಲಿ ಇರುವೆಯಷ್ಟು ಚಿಕ್ಕ ಎರಡಕ್ಷರ ಇರುತ್ತದೆ. ಆರ್.ಎಂ. ಎಂದಿದ್ದರೆ ಬೆಳೆದವನೇ ವೈನ್ ಮಾಡಿದ್ದಾನೆ ಎಂದು. ಆರ್.ಸಿ. ಎಂದಿದ್ದರೆ ದ್ರಾಕ್ಷಿಯನ್ನು ಸಹಕಾರ ಸಂಘದ ಗಾಣಕ್ಕೆ ಹಾಕಿ, ಅವರು ಮಾಡಿದ ಬಾಟಲಿ ವಾಪಸು ತಂದು ತನ್ನ ಹೆಸರು ಅಂಟಿಸಿದ್ದಾನೆ ಎಂದು. ಒಂದೇ ತೊಟ್ಟಿಯ ವೈನ್ ನಲವತ್ತು ಮನೆಯಲ್ಲಿ ನಲವತ್ತು ಹೆಸರಿನಲ್ಲಿ ಸಿಗುತ್ತದೆ. ಅದು ಕಾನೂನಿಗೆ ವಿರುದ್ಧವಲ್ಲ. ಆದರೆ ಯಾರೂ ತಾವಾಗಿ ಹೇಳುವುದಿಲ್ಲ. ಮೊದಲು ಬಾಟಲಿ ತಿರುಗಿಸಿ ಅಕ್ಷರ ನೋಡಿ, ಆಮೇಲೆ ಮಾತು ಕೇಳಿ.

ಮೊದಲ ದಿನ: ರ‍್ಯಾಂಸ್ ಗುಡ್ಡದ ಮೇಲೆ ಗೊತಿಯೆ ಎಂಬವನ ಮನೆ. ನಿಜವಾದ ಆರ್.ಎಂ. ವೈನ್ ಒರಟು, ಮನುಷ್ಯನೂ ಒರಟು, ಎರಡೂ ಒಳ್ಳೆಯವು. ಹನ್ನೆರಡರಿಂದ ಎರಡರವರೆಗೆ ಗಂಟೆ ಒತ್ತಬೇಡಿ, ನಾಯಿ ಬಿಡುತ್ತಾನೆ.

ಎರಡನೆಯ ದಿನ: ನದಿಯ ಪಕ್ಕದ ದಾರಿ ಹಿಡಿದು ಎದ್ಮೇ ಅಜ್ಜಿಯ ಮನೆ. ನಮಗೆ ಮೂರು ಮೈಲಿ. ಚೀಸ್ ಹಾಕಿದ ಬಿಸಿ ಬೋಂಡಾದಂಥದ್ದು ಮಾಡಿ ಕೊಡುತ್ತಾಳೆ, ಎಣಿಸದೆ ತಿನ್ನಿ. "ನಮ್ಮ ಯಜಮಾನ್ರ ಕೈಗುಣ" ಎನ್ನುತ್ತ ಸುರಿಯುತ್ತಾಳೆ. ಯಜಮಾನರು ಹೋಗಿ ಹದಿನೈದು ವರ್ಷವಾಯಿತು. ಅಡುಗೆ ಅವಳದ್ದು, ವೈನ್ ಅವಳದ್ದಲ್ಲ, ಸಂಘದ್ದು. ಆದರೂ ಹೋಗಿ. ಅವಳು ಒಂಟಿ.

ಇನ್ನೊಂದು ಸುದ್ದಿ. ಈ ಸಲದ ಕುಯ್ಲಿನಿಂದ ಲೇಬಲ್ಲಿನಲ್ಲಿ ನನ್ನ ಹೆಸರೂ ಬರುತ್ತದೆ. "ತಂದೆ ಮತ್ತು ಮಗಳು." ಅಪ್ಪ ಮಾದರಿಯನ್ನು ಮುದ್ರಣದವರಿಗೆ ಕಳಿಸಿಯಾಗಿದೆ. ಅಮ್ಮ ಬಿಟ್ಟು ಹೋದ ಮೇಲೆ ಈ ಮನೆಗೆ ಬಂದ ಒಳ್ಳೆಯ ಸುದ್ದಿ ಇದೊಂದೇ.

ಉಳಿದೆರಡು ದಿನದ ದಾರಿ ಮುಂದೆ ಬರೆಯುತ್ತೇನೆ. ಬಳ್ಳಿ ಸವರುವ ಕೆಲಸ ಅರ್ಧ ಉಳಿದಿದೆ.

ಒರಿಯಾನ್


ಲಿಯೆಜ್
12 ಫೆಬ್ರವರಿ 2006

ಒರಿಯಾನ್, ಮಗಳೇ,

ನಿನ್ನ ಪತ್ರ ಓದಿ ಮೂರು ತಿಂಗಳಲ್ಲಿ ಮೊದಲ ಸಲ ಜೋರಾಗಿ ನಕ್ಕೆ. ಪೊಲೆತ್‌ಗೂ ಓದಿ ಹೇಳಿದೆ. ಅವಳು ಮನೆಯ ಬಾಟಲಿಗಳನ್ನೆಲ್ಲ ತಿರುಗಿಸಿ ಭೂತಗನ್ನಡಿ ಹಿಡಿದು ಕೂತಳು. ಅವಳ ತಮ್ಮನೂ ನಾದಿನಿಯೂ ಬರುತ್ತಾರಂತೆ. ಹಾಗಾದರೆ ನಾಲ್ಕು ಜನ. ಎದ್ಮೇಯ ಅಂಗಳದಲ್ಲಿ ಎರಡನೆಯ ಕಾರಿಗೆ ಜಾಗವಿದೆಯೇ?

ಲೇಬಲ್ಲಿನಲ್ಲಿ ನಿನ್ನ ಹೆಸರು. ಆರ್ಮಾಂ ಇದ್ದಿದ್ದರೆ ಕುಣಿಯುತ್ತಿದ್ದ.

ಒಂದು ಮಾತು ಕೇಳುತ್ತೇನೆ. ನಿನ್ನ ಪಟ್ಟಿಯಲ್ಲಿ ಎಲ್ಲರ ಮನೆಯೂ ಇದೆ, ನಿಮ್ಮದೇ ಇಲ್ಲ. ಕೊನೆಯ ದಿನ ಕೂರ್ಮೆರಿಗೆ ಬಂದೇ ಬರುತ್ತೇವೆ. ಪೊಲೆತ್‌ಗೆ ನಿನ್ನ ತಂದೆಯ ವೈನ್ ಬಗ್ಗೆ ಏನು ಹೇಳಲಿ? ಲೇಬಲ್ಲಿನಲ್ಲಿ ಆರ್.ಎಂ. ಇದೆ, ಈಗಷ್ಟೇ ನೋಡಿದೆ. ಉಳಿದವರ ಬಗ್ಗೆ ಬರೆದಷ್ಟೇ ನೇರವಾಗಿ ನಿಮ್ಮ ಮನೆಯ ಬಗ್ಗೆಯೂ ಬರೆ ನೋಡೋಣ. ಧೈರ್ಯವಿದೆಯೇ?

ನಗುತ್ತಾ,
ಅತ್ತೆ


ಕೂರ್ಮೆರಿ
2 ಮಾರ್ಚ್ 2006

ಯೊಲಾಂದ್ ಅತ್ತೆಗೆ,

ನೀವು ತಮಾಷೆಗೆ ಕೇಳಿದಿರಿ. ನಾನು ಎರಡು ವಾರ ಯೋಚಿಸಿದೆ. ಯಾರೂ ಕೇಳದಿದ್ದರೆ ಸುಮ್ಮನಿರುತ್ತಿದ್ದೆ. ಕೇಳಿದ ಮೇಲೆ ಹೇಳದಿರಲು ನನಗೆ ಬರುವುದಿಲ್ಲ. ಎದ್ಮೇಯದ್ದನ್ನು ಬರೆದು ನಮ್ಮದನ್ನು ಮುಚ್ಚಿಟ್ಟರೆ ನಾನು ಆ ಬಕೆಟ್ ಮೇಷ್ಟರಿಗಿಂತ ಕಡೆ.

ಮೂರು ವರ್ಷದ ಹಿಂದೆ ಏಪ್ರಿಲಿನಲ್ಲಿ ಬಿದ್ದ ಹಿಮ ನಿಮಗೆ ನೆನಪಿರಬಹುದು. ಮೇಲಿನ ಇಳಿಜಾರಿನ ಚಿಗುರೆಲ್ಲ ಒಂದೇ ಬೆಳಗ್ಗೆ ಚಹಾಪುಡಿಯ ಹಾಗೆ ಕಪ್ಪಾಯಿತು. ಆ ವರ್ಷ ಐದರಲ್ಲಿ ಒಂದು ಪಾಲೂ ಕೈಗೆ ಬರಲಿಲ್ಲ. ಎರಡು ವರ್ಷ ಮಾಗಿ ಆ ವೈನ್ ಮಾರುವ ಕಾಲ ಬಂದಾಗ ನೆಲಮಾಳಿಗೆಯಲ್ಲಿ ಕೊಡಲು ಏನೂ ಇರಲಿಲ್ಲ. ಇಲ್ಲ ಎಂದರೆ ಗಿರಾಕಿಗಳು ಪಕ್ಕದ ಮನೆಗೆ ಹೋಗುತ್ತಾರೆ, ಹೋದವರು ವಾಪಸು ಬರುವುದಿಲ್ಲ. ಹೋದ ವರ್ಷ ವಸಂತದಲ್ಲಿ ಅಪ್ಪ ಒಬ್ಬ ವ್ಯಾಪಾರಿಯಿಂದ ಮಲಗಿದ ಬಾಟಲಿ ಕೊಂಡರು.

ಮಲಗಿದ ಬಾಟಲಿ ಎಂದರೆ, ಎಲ್ಲೋ ಯಾರೋ ಮಾಡಿ, ಮರದ ಪಟ್ಟಿಗಳ ಮೇಲೆ ಅಡ್ಡಡ್ಡ ಮಲಗಿಸಿಟ್ಟ, ಹೆಸರಿಲ್ಲದ ಬಾಟಲಿ. ಕೊಂಡವನು ತನ್ನ ಹೆಸರು ಅಂಟಿಸುತ್ತಾನೆ. ದೊಡ್ಡ ವ್ಯಾಪಾರಿಗಳು ಹಾಗೆ ಮಾಡಬಹುದು. ಆರ್.ಎಂ. ಎಂದು ಬರೆದುಕೊಂಡ ನಾವು ಮಾಡಬಾರದು. ಅಪ್ಪ ಮಾಡಿದರು. ಲೇಬಲ್ ಅಂಟಿಸುವ ಯಂತ್ರ ತಿರುಗಿಸಿದವಳು ನಾನು. ಹೋದ ಬೇಸಿಗೆಯಿಂದ ಈ ಜನವರಿವರೆಗೆ ನಮ್ಮ ಮನೆಯಿಂದ ಹೋದದ್ದು ಅದೇ. ಈಗ ಮುಗಿದಿದೆ. ಜೂನಿನಲ್ಲಿ ನೀವು ಕುಡಿಯುವುದು ಮತ್ತೆ ನಮ್ಮ ಇಳಿಜಾರಿನದ್ದೇ.

ಅಪ್ಪನನ್ನು ಸಮರ್ಥಿಸುತ್ತಿಲ್ಲ. ಆದರೆ ಆ ಲಾರಿ ಬಂದ ದಿನದಿಂದ ಒಂದು ವಾರ ಅವರು ಊಟಕ್ಕೆ ಕೂತು ಹಾಗೇ ಎದ್ದು ಹೋಗುತ್ತಿದ್ದರು.

ಇದು ಗೊತ್ತಿರುವುದು ಅಪ್ಪನಿಗೆ, ನನಗೆ, ಈಗ ನಿಮಗೆ. ನಿಮ್ಮಲ್ಲೇ ಇರಲಿ.

ಒರಿಯಾನ್


ಕೂರ್ಮೆರಿ
6 ಏಪ್ರಿಲ್ 2006

ಯೊಲಾಂದ್ ಅತ್ತೆಗೆ,

ಐದು ವಾರವಾಯಿತು, ಉತ್ತರ ಬರಲಿಲ್ಲ. ಹುಷಾರಿಲ್ಲವೇ? ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. "ಸೊಂಟ ನೋವಿರ್ಬೇಕು, ಗಂಡ ಹೋದ ಮೊದಲ ವಸಂತ ಕಷ್ಟ" ಎಂದರು ಅಪ್ಪ.

ನಿಮಗೆ ಬೇಸರ ಕಳೆಯಲೆಂದು ಉಳಿದ ದಾರಿ ಬರೆಯುತ್ತೇನೆ.

ಮೂರನೆಯ ದಿನ: ಬಿಳಿ ದ್ರಾಕ್ಷಿಯ ಇಳಿಜಾರು. ಅಲ್ಲಿ ಮಣ್ಣೆಂದರೆ ಸೀಮೆಸುಣ್ಣ, ಕಾರು ಹಿಟ್ಟಿನ ಗಿರಣಿಯಿಂದ ಬಂದಂತೆ ಕಾಣುತ್ತದೆ. ಅಲ್ಲಿಯ ಜನಕ್ಕೆ ತಮ್ಮ ಊರಿನ ಹೆಸರೇ ಸಾಕು, ಮಾತು ಬೇಡ. ಕಾರು ಓಡಿಸುವವರು ಎಲ್ಲ ಕಡೆ ಬಕೆಟ್ ಕೇಳಿ ಉಗುಳಿ. ನಾಚಿಕೆ ಬೇಡ, ಬೆಳೆದವರೇ ಉಗುಳುತ್ತಾರೆ.

ನಾಲ್ಕನೆಯ ದಿನ ಬೆಳಗ್ಗೆ: ದಕ್ಷಿಣಕ್ಕೆ, ಓಬ್ ಕಡೆ. ನಮ್ಮ ಕಡೆಯವರು ಅವರನ್ನು ಇಂದಿಗೂ ಕೀಳಾಗಿ ನೋಡುತ್ತಾರೆ. ಅಲ್ಲಿ ಸಿಲ್ವೆನ್ ಅನ್ನುವವನಿದ್ದಾನೆ, ಮೂವತ್ತು ವರ್ಷ. ಈ ಸೀಮೆಯಲ್ಲಿ ಈಗ ಎಲ್ಲರಿಗಿಂತ ಒಳ್ಳೆಯ ವೈನ್ ಅವನದ್ದು. ಇದನ್ನು ಕೂರ್ಮೆರಿಯಲ್ಲಿ ಹೇಳಿದರೆ ನನ್ನನ್ನು ನದಿಗೆ ತಳ್ಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಜನ. ಅವನ ಊರಿನ ಕರುಳಿನ ಸಾಸೇಜು ತಿನ್ನಲೇಬೇಕು, ಮೂಗು ಮುಚ್ಚಿಕೊಂಡಾದರೂ.

ಅಲ್ಲಿಂದ ಕೂರ್ಮೆರಿಗೆ ಎರಡು ಗಂಟೆ ದಾರಿ. ಊಟ ನಮ್ಮಲ್ಲಿ.

ಒಂದು ಸಾಲಾದರೂ ಬರೆಯಿರಿ.

ಒರಿಯಾನ್


ಲಿಯೆಜ್
20 ಏಪ್ರಿಲ್ 2006

ಪ್ರೀತಿಯ ಒರಿಯಾನ್,

ನಿನ್ನ ಎರಡೂ ಪತ್ರಗಳು ತಲುಪಿವೆ. ಆರೋಗ್ಯವಾಗಿದ್ದೇನೆ. ಸ್ವಲ್ಪ ಕೆಲಸವಿತ್ತು.

ದಾರಿ ಬಹಳ ಚೆನ್ನಾಗಿದೆ. ನಿನ್ನ ಪತ್ರಗಳನ್ನು ಪೊಲೆತ್ ಟೈಪ್ ಮಾಡುತ್ತಿದ್ದಾಳೆ, ಕಾರಿನಲ್ಲಿ ಓದಲು ಸುಲಭ. ಕೆಲವು ವಿವರ ಬೇಕು. ಎಲ್ಲರ ಪೂರ್ಣ ಹೆಸರು, ವಿಳಾಸ, ಫೋನ್ ನಂಬರ್ ಬರೆದು ಕಳಿಸು. ಜೂನ್ 8, ಗುರುವಾರ ಹೊರಡುತ್ತೇವೆ. 11ರ ಭಾನುವಾರ ಮಧ್ಯಾಹ್ನ ಕೂರ್ಮೆರಿಯಲ್ಲಿ ಊಟ. ಇನ್ನೂ ಕೆಲವರು ಸೇರಬಹುದು. ನಿನ್ನ ತಂದೆ ಆ ದಿನ ಮನೆಯಲ್ಲೇ ಇರುವಂತೆ ನೋಡಿಕೋ.

ಪಟ್ಟಿಯನ್ನು ಅವನಿಗೆ ತೋರಿಸಬೇಡ. ಅವನಿಗೆ ಅಚ್ಚರಿಯಾಗಲಿ.

ಯೊಲಾಂದ್


ಕೂರ್ಮೆರಿ
14 ಮೇ 2006

ಯೊಲಾಂದ್ ಅತ್ತೆಗೆ,

ನಿಮ್ಮ ಪತ್ರ ನೋಡಿ ಜೀವ ಬಂತು. ಅಕ್ಷರ ಸ್ವಲ್ಪ ಬಿಗಿಯಾಗಿತ್ತು, ಮೇಷ್ಟರು ಬರೆದ ಹಾಗೆ. ಸೊಂಟ ನೋವೇ ಇರಬೇಕು, ನೀವು ಹೇಳುವುದಿಲ್ಲ.

ಕೊನೆಯ ಹಿಮ ಬೀಳುವುದು ಆಗಲೇ ಎಂದು ಇಲ್ಲಿಯವರು ನಂಬುವ ಹಿಮದ ಸಂತರ ಮೂರು ದಿನ ನಿನ್ನೆಗೆ ಮುಗಿದವು. ಇನ್ನು ಚಿಗುರಿಗೆ ಭಯವಿಲ್ಲ. ಅಪ್ಪ ಮುಂಜಾನೆ ಇಳಿಜಾರಿನಿಂದ ಇಳಿದು ಬಂದು, ತಿಂಗಳಿಂದ ಗೋಡೆಗೆ ತಗುಲಿಹಾಕಿದ್ದ ಉಷ್ಣಮಾಪಕವನ್ನು ಡ್ರಾಯರಿಗೆ ಹಾಕಿದರು.

ಹೆಸರು, ವಿಳಾಸಗಳೆಲ್ಲ ಬೇರೆ ಹಾಳೆಯಲ್ಲಿವೆ. ಊಟಕ್ಕೆ ಎಷ್ಟು ಜನವೆಂದು ನೀವು ಬರೆಯಲಿಲ್ಲ.

"ಎಷ್ಟು ತಟ್ಟೆ ಇಡ್ಬೇಕು?" ಎಂದು ಅಪ್ಪ ದಿನಾ ಕೇಳುತ್ತಾರೆ.

"ಆರು ಇಡು."

"ಆರ್ಮಾಂ ಜಾಗಕ್ಕೆ ಯಾರನ್ನ ಕೂರ್ಸೋದು?"

"ಯಾರನ್ನೂ ಬೇಡ."

"ಹೌದು, ಬೇಡ," ಎಂದರು. ಆಮೇಲೆ ತುಂಬ ಹೊತ್ತು ಚಾಕು ಮಸೆದರು. ಈಗಾಗಲೇ ಎರಡು ಹುಂಜಗಳಿಗೆ ಜೋಳ ಹಾಕಿ ಕೊಬ್ಬಿಸುತ್ತಿದ್ದಾರೆ. ನಿಮ್ಮನ್ನು ನೋಡಿದರೆ ಅವರಿಗೆ ಸಮಾಧಾನವಾಗುತ್ತದೆ.

ಒರಿಯಾನ್


ಕೂರ್ಮೆರಿ
12 ಜೂನ್ 2006

ಮದಾಮ್ ಪಿರೋತ್ ಅವರಿಗೆ,

ನಿನ್ನೆ ನಡೆದದ್ದನ್ನು ನೀವೂ ನೋಡಿದ್ದೀರಿ. ಆದರೆ ನೀವು ಕೂತಿದ್ದ ಕಡೆಯಿಂದ ಅದು ಬೇರೆ ಥರ ಕಂಡಿರಬಹುದು. ನಾನು ನಿಂತಿದ್ದ ಕಡೆಯಿಂದ ಬರೆಯುತ್ತೇನೆ.

ಶುಕ್ರವಾರ ಸಂಜೆ ಎದ್ಮೇ ಅಪ್ಪನಿಗೆ ಫೋನ್ ಮಾಡಿದಳು. ಅಳುತ್ತಿದ್ದಳು. ಬೆಲ್ಜಿಯಂನವರು ಹನ್ನೊಂದು ಜನ ಬಂದಿದ್ದರಂತೆ, ಎಲ್ಲರ ಕೈಯಲ್ಲೂ ಹಸಿರು ರಟ್ಟಿನ ಒಂದೊಂದು ಪುಸ್ತಕವಂತೆ. "ಯಜಮಾನ್ರ ಕೈಗುಣ" ಎಂದು ಅವಳು ಸುರಿಯುವಾಗ ಒಬ್ಬ ನಕ್ಕನಂತೆ, "ಅಜ್ಜಿ, ಯಜಮಾನ್ರು ಸಂಘದಲ್ಲಿ ಕೆಲಸಕ್ಕಿದ್ರಾ?" ಎಂದು ಕೇಳಿದನಂತೆ. ಬೋಂಡಾ ಎಲ್ಲ ತಿಂದು, ಒಂದು ಬಾಟಲಿಯೂ ಕೊಳ್ಳದೆ ಎದ್ದರಂತೆ. ನನಗೆ ಅರ್ಥವಾಗಲಿಲ್ಲ. ನೀವಲ್ಲ, ಬೇರೆ ಯಾರೋ ಎಂದುಕೊಂಡೆ. ಭಾನುವಾರದವರೆಗೂ ಹಾಗೇ ಅಂದುಕೊಂಡೆ.

ಭಾನುವಾರ ನಾಲ್ಕು ಕಾರು ಅಂಗಳಕ್ಕೆ ಬಂದವು. ನೀವು ಹದಿನೆಂಟು ವರ್ಷದಿಂದ ವೈನ್ ಕ್ಲಬ್ಬಿನ ಕಾರ್ಯದರ್ಶಿ ಎಂದು ನನಗೆ ತಿಳಿದದ್ದು ಆಗ, ನಿಮ್ಮ ಜೊತೆ ಬಂದವರ ಬಾಯಿಂದ. ಅಪ್ಪ ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ. ಗ್ಯಾರೇಜಿನಿಂದ ಮೇಜು ತಂದರು, ಎದುರುಮನೆಯಿಂದ ಕುರ್ಚಿ ತಂದರು. ನಿಮ್ಮನ್ನು ತಬ್ಬಿಕೊಂಡರು. ನೀವು ಕೈಗಳನ್ನು ಇಳಿಬಿಟ್ಟೇ ನಿಂತಿದ್ದಿರಿ. ನಾನು ನೋಡಿದೆ.

ಪುಸ್ತಕ ಮೇಜಿನ ಮೇಲಿತ್ತು. "ಒರಿಯಾನ್ ಹೇಳಿದ ದಾರಿ." ಒಳಗೆ ನನ್ನ ಪತ್ರಗಳು, ಒಂದು ಅಕ್ಷರವೂ ಬದಲಾಗದೆ. ನನ್ನ ತಪ್ಪುಗಳನ್ನು ಕೂಡ ತಿದ್ದಿರಲಿಲ್ಲ.

ಕೋಳಿ ಬಡಿಸಿ ಆದ ಮೇಲೆ ನಿಮ್ಮ ಜೊತೆ ಬಂದಿದ್ದ ಒಬ್ಬ ಕನ್ನಡಕದವರು ಪುಟ ತಿರುಗಿಸಿ ಅಪ್ಪನನ್ನು ಕೇಳಿದರು.

"ಯಜಮಾನ್ರೇ, ಈಗ ಸುರೀತಿರೋದು ನಿಮ್ಮ ಇಳಿಜಾರಿಂದಾ, ಇಲ್ಲ ಇದೂ ಮಲಗಿದ್ದಾ?"

ಅಪ್ಪನ ಕೈಯಲ್ಲಿ ಬಾಟಲಿ ಹಾಗೇ ಇತ್ತು. "ಏನಂದ್ರಿ?"

ಅವರು ಓದಿದರು. ಹಿಮ, ವ್ಯಾಪಾರಿ, ಲಾರಿ, ಯಂತ್ರ ತಿರುಗಿಸಿದ ಮಗಳು. ಅಪ್ಪ ಊಟ ಬಿಟ್ಟದ್ದನ್ನೂ ಓದಿದರು. ಅಲ್ಲಿ ಯಾರೋ ಕಿಸಕ್ಕೆಂದರು. "ನಿಮ್ಮಲ್ಲೇ ಇರಲಿ" ಎಂಬ ಸಾಲನ್ನೂ ಓದಿದರು, ಅದು ಕೂಡ ಅಚ್ಚಾಗಿತ್ತು.

ಅಪ್ಪ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಮೆಟ್ಟಿಲು ತಪ್ಪಿದವರು ಕೈ ಚಾಚುವ ಹಾಗೆ ನೋಡಿದರು.

"ಹೇಳಮ್ಮ ಇವ್ರಿಗೆ. ತಮಾಷೆಗೆ ಬರ್ದಿದ್ದು ಅಂತ."

ಹನ್ನೊಂದು ಜನ ನನ್ನನ್ನು ನೋಡಿದರು. ನೀವೂ.

"ತಮಾಷೆಯಲ್ಲ ಅಪ್ಪ," ಎಂದೆ.

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು. ಕೋಳಿಯ ಪಾತ್ರೆ ತೆಗೆದುಕೊಂಡು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಅದು ನಿಲ್ಲಲೇ ಇಲ್ಲ. ನೀವು ಲೋಟದಲ್ಲಿದ್ದದ್ದನ್ನು ಮುಗಿಸಿ ಎದ್ದಿರಿ. ಹೋಗುವಾಗ ಒಂದು ಮಾತಾದರೂ ಆಡುತ್ತೀರಿ ಎಂದು ಬಾಗಿಲಲ್ಲಿ ನಿಂತೆ. "ಬಿಸಿಲು ಜಾಸ್ತಿ, ಹೊರಡೋಣ" ಎಂದು ಪೊಲೆತ್‌ಗೆ ಹೇಳಿದಿರಿ.

ಸಂಜೆ ಅಪ್ಪ ಹೇಳಿದ್ದು ಇಷ್ಟೇ: "ಈ ಸಲ ಕುಯ್ಲಿಗೆ ಬೇರೆ ಕಡೆ ನೋಡ್ಕೋ. ನಿನ್ನ ಮುಂದೆ ನಂಗೆ ಕೆಲಸ ಮಾಡೋಕಾಗಲ್ಲ." ಲೇಬಲ್ಲಿನ ಮುದ್ರಣ ನಿಲ್ಲಿಸಲು ಇವತ್ತು ಬೆಳಗ್ಗೆಯೇ ಫೋನ್ ಮಾಡಿದರು.

ನಾನು ನಿಮಗೆ ಏನು ಮಾಡಿದ್ದೆ?

ಒರಿಯಾನ್


ಲಿಯೆಜ್
25 ಜೂನ್ 2006

ಒರಿಯಾನ್,

ನಿನ್ನನ್ನು ನೋಯಿಸುವ ಉದ್ದೇಶ ನನಗಿರಲಿಲ್ಲ ಎಂದು ಬರೆಯಲು ಕೂತೆ. ಅದು ನಿಜವೋ ಅಲ್ಲವೋ ಗೊತ್ತಿಲ್ಲ. ಹಾಗಾಗಿ ಬರೆಯುವುದಿಲ್ಲ.

ಆರ್ಮಾಂ ಆಸ್ಪತ್ರೆಯಲ್ಲಿ ಕೊನೆಯ ವಾರ ಮಾತಾಡಿದ್ದು ಎರಡೇ ವಿಷಯ. ಒಂದು, ಬಾಯ್ಲರ್ ರಿಪೇರಿ. ಇನ್ನೊಂದು: "ನನ್ನ ಮಣ್ಣಿಗೆ ಬಂದವ್ರಿಗೆ ಕಾಫಿ ಕೊಡ್ಬೇಡ. ಜಿಲ್‌ನ ಮೇಲಿನ ಇಳಿಜಾರಿಂದು ಸುರಿ." ಅದಕ್ಕೇ ಎರಡನೆಯ ದಿನ, ಹೆಣ ಇನ್ನೂ ಮಣ್ಣಾಗುವ ಮೊದಲು, ಮೂರು ಗಂಟೆ ಕಾರು ಓಡಿಸಿ ಬಂದೆ. ನಿನ್ನ ತಂದೆ ನನ್ನ ಭುಜ ಹಿಡಿದು, "ಆರ್ಮಾಂಗೆ ಅಂದ್ರೆ ಮೇಲಿನ ಇಳಿಜಾರಿಂದೇ ಕೊಡ್ತೀನಿ, ಬೇರೆ ಯಾವುದೂ ಕೊಡಲ್ಲ" ಎಂದ. ಕಣ್ಣಲ್ಲಿ ನೀರಿತ್ತು. ನಿಜವಾದ ನೀರು, ಈಗಲೂ ಹಾಗೇ ಅನ್ನಿಸುತ್ತದೆ.

ನಲವತ್ತು ಜನರ ಮುಂದೆ ನಾನು ಎದ್ದು ನಿಂತು ಹೇಳಿದೆ: ಇದು ಆರ್ಮಾಂ ಇಪ್ಪತ್ತಾರು ವರ್ಷ ನಡೆದ ನೆಲದ್ದು, ಅವನ ಬೂಟಿಗೆ ಅಂಟಿದ ಮಣ್ಣಿನದ್ದು. ಎಲ್ಲರೂ ಲೋಟ ಎತ್ತಿದರು. ಅವನ ತಂಗಿ ಲೋಟದ ಅಂಚಿಗೆ ಮುತ್ತು ಕೊಟ್ಟಳು.

ಮಾರ್ಚಿನಲ್ಲಿ ನಿನ್ನ ಪತ್ರ ಬಂತು. "ಹೋದ ಬೇಸಿಗೆಯಿಂದ ಈ ಜನವರಿವರೆಗೆ." ಅದನ್ನು ಎಷ್ಟು ಸಲ ಓದಿದೆನೋ. ಯಾರೋ ವ್ಯಾಪಾರಿ, ಎಲ್ಲಿಯದೋ ದ್ರಾಕ್ಷಿ. ನನ್ನ ಗಂಡನನ್ನು ನಾನು ಸುಳ್ಳು ಹೇಳಿ ಕಳಿಸಿಕೊಟ್ಟೆ. ಆ ಸುಳ್ಳನ್ನು ನನ್ನ ಬಾಯಿಂದಲೇ ಆಡಿಸಿದರು.

ಏಳು ವಾರ ಬರೆಯಲಿಲ್ಲ. ಮೊದಲು ನಿನ್ನ ತಂದೆಗೆ ಒಂದು ಪತ್ರ ಬರೆದೆ, ಹರಿದೆ. ಆಮೇಲೆ ಅವನೂ ಜನರ ಮುಂದೆ ಕೇಳಿಸಿಕೊಳ್ಳಲಿ ಅನ್ನಿಸಿತು. ನಾನು ಜನರ ಮುಂದೆ ಹೇಳಿದ ಹಾಗೆ. ಪುಸ್ತಕದ ಯೋಚನೆ ನನ್ನದು, ಪೊಲೆತ್‌ಳದ್ದಲ್ಲ. ಮೊದಲ ಪತ್ರ ಬರೆದಾಗ ಇದ್ಯಾವುದೂ ಮನಸ್ಸಿನಲ್ಲಿರಲಿಲ್ಲ. ಅದೊಂದನ್ನು ನಂಬು. ಎದ್ಮೇಗೆ ಆದದ್ದು ಅನ್ಯಾಯ. ಆ ಮುದುಕಿಗೆ ನಾನೇ ಬರೆದಿದ್ದೇನೆ.

ನೀನು ಆವತ್ತು ಮೇಜಿನ ಮುಂದೆ "ತಮಾಷೆ" ಎಂದು ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀನು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಅದರ ಮೇಲೇ ನಂಬಿಕೆಯಿಟ್ಟು ಬಂದಿದ್ದೆ. ನಾನು ಮಾಡಿದ ಎಲ್ಲದರಲ್ಲಿ ಹೊಲಸಾದದ್ದು ಅದು.

ಒಂದೇ ಒಂದು ಕೇಳುತ್ತೇನೆ, ಆಮೇಲೆ ಏನೂ ಕೇಳುವುದಿಲ್ಲ. ನವೆಂಬರಿನಲ್ಲಿ ಪೆಟ್ಟಿಗೆಗಳನ್ನು ನನ್ನ ಕಾರಿಗೆ ತುಂಬಿದವಳು ನೀನು. ಆವತ್ತು ನಿನಗೆ ಗೊತ್ತಿತ್ತೇ?

ಯೊಲಾಂದ್


ಬೋಜೊಲೆ ಸೀಮೆ
3 ಸೆಪ್ಟೆಂಬರ್ 2006

ಮದಾಮ್ ಪಿರೋತ್ ಅವರಿಗೆ,

ನಿಮ್ಮ ಪತ್ರ ಎರಡು ತಿಂಗಳಿಂದ ನನ್ನ ಚೀಲದಲ್ಲಿದೆ. ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದು ಇದೇ ಮೊದಲು.

ಮೊದಲು ಸುದ್ದಿ. ಜುಲೈಯಲ್ಲಿ ಇಬ್ಬರು ಅಧಿಕಾರಿಗಳು ಮನೆಗೆ ಬಂದರು. ಹಸಿರು ಪುಸ್ತಕದ ಒಂದು ಪ್ರತಿ ಅವರ ಚೀಲದಲ್ಲಿತ್ತು. ನಿಮ್ಮ ಕ್ಲಬ್ಬಿನವರು ಯಾರೋ ಕಳಿಸಿರಬೇಕು. ನೀವೇ ಎಂದು ನಾನು ಅಂದುಕೊಂಡಿಲ್ಲ. ಅವರು ನನ್ನನ್ನು ಕೇಳಲು ಬಾಯಿ ತೆರೆದಾಗ ಅಪ್ಪ ಅಡ್ಡ ಬಂದರು.

"ಅವಳನ್ನ ಕೇಳ್ಬೇಡಿ. ಅವಳು ನಿಜಾನೇ ಹೇಳ್ತಾಳೆ. ನಾನೇ ಹೇಳ್ತೀನಿ, ಕೂತ್ಕೊಳ್ಳಿ."

ಎಲ್ಲ ಹೇಳಿದರು. ತಾರೀಖು ಸಮೇತ. ನನ್ನ ಮುಖ ಮಾತ್ರ ನೋಡಲಿಲ್ಲ. ಈ ವರ್ಷ ನಮ್ಮ ಮನೆಯಲ್ಲಿ ಬಾಟಲಿ ಇಲ್ಲ, ಬೆಳೆಯನ್ನೆಲ್ಲ ಸಂಘದ ಗಾಣಕ್ಕೆ ಹಾಕುತ್ತಾರೆ. ಸಂತ ವಿನ್ಸೆಂಟನ ಮೇಲಂಗಿಯನ್ನು ಊರಿನವರು ವಾಪಸು ಕೇಳಿ ಇಸಿದುಕೊಂಡರು.

ಕೆಲಸ ಕೇಳಿಕೊಂಡು ಓಬ್ ಕಡೆ ಸಿಲ್ವೆನ್ ಹತ್ತಿರ ಹೋಗಿದ್ದೆ. ಪುಸ್ತಕದಲ್ಲಿ ನಾನು ಮನಸಾರೆ ಹೊಗಳಿದ್ದು ಅವನೊಬ್ಬನನ್ನೇ. ಬಾಗಿಲಲ್ಲೇ ನಿಂತು, "ನಾಳೆ ನನ್ ಬಗ್ಗೆ ಏನ್ ಬರೀತೀಯೋ ತಾಯಿ, ಬೇಡ" ಎಂದ. ನಗುತ್ತಲೇ ಅಂದ. ಅದಕ್ಕೇ ನನ್ನ ಹೆಸರು ಯಾರಿಗೂ ಗೊತ್ತಿಲ್ಲದ ಈ ಕಡೆ ಬಂದೆ. ಇಲ್ಲಿ ಕುಯ್ಲು ನಾಳೆಯಿಂದ.

ನೀವು ನನಗೆ ಮಾಡಿದ್ದನ್ನು ಮರೆತಿಲ್ಲ. ನನ್ನ ನಿಜ ನಿಮ್ಮ ಕೈಗೆ ಕೊಟ್ಟೆ, ನೀವು ಅದನ್ನು ಕೋಲು ಮಾಡಿಕೊಂಡಿರಿ. ಹೊಡೆತ ಬಿದ್ದದ್ದು ಅಪ್ಪನಿಗೆ, ಕೋಲಿನ ಮೇಲಿದ್ದದ್ದು ನನ್ನ ಹೆಸರು. ನಿಮ್ಮ ಪತ್ರ ಓದಿದ ಮೇಲೂ ಸಿಟ್ಟು ಹೋಗಿಲ್ಲ. ಹೋದಾಗ ಹೇಳುತ್ತೇನೆ.

ಈಗ ನಿಮ್ಮ ಪ್ರಶ್ನೆ.

ಗೊತ್ತಿತ್ತು.

ಮಾರ್ಚಿನಲ್ಲಿ "ಬೇಸಿಗೆಯಿಂದ ಜನವರಿವರೆಗೆ" ಎಂದು ಬರೆಯುವಾಗಲೂ ನವೆಂಬರ್ ಅದರೊಳಗೇ ಇದೆ ಎಂದು ಗೊತ್ತಿತ್ತು. ಆ ತಿಂಗಳ ಹೆಸರು ಬರೆಯಲು ಕೈ ಬರಲಿಲ್ಲ. ನೀವೇ ಲೆಕ್ಕ ಹಾಕಿಕೊಳ್ಳುತ್ತೀರಿ, ಹಾಕಿಕೊಂಡು ನನ್ನನ್ನು ಬೈಯುತ್ತೀರಿ, ಬೈದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ. ನಿಮ್ಮ ಅಕ್ಷರ ಬಿಗಿಯಾಗಿ ಬಂದಾಗ ಸೊಂಟ ನೋವು ಎಂದು ಬರೆದೆನಲ್ಲ, ಅದೂ ಹಾಗೇ. ನನಗೆ ಬೇಕಾದದ್ದನ್ನು ಓದಿಕೊಂಡೆ.

ಆವತ್ತು ಅಂಗಳದಲ್ಲಿ ಅಪ್ಪ ನಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು, ಕಾರಿನ ಹಿಂದಿನ ಬಾಗಿಲು ಎತ್ತಿ ಹಿಡಿದುಕೊಂಡು. ಕೊನೆಯ ಪೆಟ್ಟಿಗೆ ನಿಮ್ಮ ಕೈಗೆ ಕೊಟ್ಟೆ, ನೀವೇ ಇಡುತ್ತೇನೆಂದು ಹಟ ಮಾಡಿದಿರಿ. ಆಗ ನೀವು ನನ್ನನ್ನು ಕೇಳಿದಿರಿ. ಅಪ್ಪನನ್ನಲ್ಲ, ನನ್ನನ್ನೇ. "ಇದು ಮೇಲಿನ ಇಳಿಜಾರಿಂದೇ ತಾನೆ?" ನಿಮಗೆ ನೆನಪಿರಲಿಕ್ಕಿಲ್ಲ, ನೀವು ಆವತ್ತು ಯಾವುದನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಕೇಳಿದರೆ ಹೇಳದಿರಲು ಬರುವುದಿಲ್ಲ ಎಂದು ನಿಮಗೆ ಬರೆದಿದ್ದೆ. ಆವತ್ತು ನೀವು ಕೇಳಿದಾಗ ನಾನು ಹೇಳಿದ್ದು ಇದು:

"ಹುಷಾರು, ಭಾರ ಇದೆ. ಕೆಳಗಿಂದ ಹಿಡ್ಕೊಳ್ಳಿ."

ಅದು ಸುಳ್ಳಲ್ಲ ಎಂದು ಹತ್ತು ತಿಂಗಳು ನನಗೆ ನಾನೇ ಹೇಳಿಕೊಂಡೆ. ಪೆಟ್ಟಿಗೆ ಭಾರವಾಗಿಯೇ ಇತ್ತು. ನೀವು ಎರಡೂ ಕೈಯಲ್ಲಿ ಕೆಳಗಿನಿಂದ ಹಿಡಿದುಕೊಂಡು, "ಆಯ್ತು ಮಗಳೇ" ಎಂದಿರಿ.

ಒರಿಯಾನ್